ಕೊಪ್ಪಳ ಸೀಮೆಯಲ್ಲಿ ಆಸ್ಪತ್ರೆಯ ದಾರಿ ಮತ್ತು ಆರೋಗ್ಯ ವಿಮೆ

ಇರಕಲ್ಲಗಡ ಕೊಪ್ಪಳ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಸುತ್ತಲಿನದು ಬಹುಪಾಲು ಮಳೆ ನಂಬಿದ ಬೇಸಾಯ. ಸಜ್ಜೆ, ಮೆಕ್ಕೆಜೋಳ, ತೊಗರಿ, ಶೇಂಗಾ ಬೆಳೆಯುವ ನೆಲ. ಇಂಥ ಊರಿನಿಂದ ರೋಗಿಯನ್ನು ಕರೆದುಕೊಂಡು ಕೊಪ್ಪಳಕ್ಕೋ ಗಂಗಾವತಿಗೋ ಹುಬ್ಬಳ್ಳಿಗೋ ಹೊರಟ ಕುಟುಂಬ ದವಾಖಾನೆಯ ಬಾಗಿಲಲ್ಲಿ ಮೊದಲು ಕೇಳುವುದು “ಇಲ್ಲಿ ಕಾರ್ಡ್ ನಡೀತೈತೇನ್ರಿ?” ಎಂದು. ಒಂದೇ ಮಾತಿನಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ರೋಗ ಯಾವುದು, ಆಸ್ಪತ್ರೆ ಯಾವುದು, ಯಾರು ಬರೆದು ಕಳಿಸಿದರು, ಮನೆಯ ರೇಷನ್ ಕಾರ್ಡಿನ ಬಗೆ ಯಾವುದು ಎಂಬ ನಾಲ್ಕು ಸಂಗತಿ ಸೇರಿ ಉತ್ತರವಾಗುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಜನರಿಗೆ ಕಳೆದ ಎರಡು ದಶಕಗಳಲ್ಲಿ ಬಂದ ಆರೋಗ್ಯ ವಿಮೆಗಳು ಯಾವುವು, ಅವು ಯಾವ ಖರ್ಚು ಹೊರುತ್ತವೆ, ಯಾವುದನ್ನು ಮನೆಯವರ ಹೆಗಲಿಗೇ ಬಿಡುತ್ತವೆ ಎಂಬುದು ಈ ಲೇಖನದ ವಿಷಯ.

ಸೀಮೆ ಮತ್ತು ಆಸ್ಪತ್ರೆಗಳು

ರಾಯಚೂರು ಜಿಲ್ಲೆಯನ್ನು ವಿಭಜಿಸಿ 1997ರಲ್ಲಿ ಕೊಪ್ಪಳ ಜಿಲ್ಲೆಯನ್ನು ರಚಿಸಲಾಯಿತು. ಆಗ ಇದ್ದವು ನಾಲ್ಕು ತಾಲ್ಲೂಕುಗಳು. ಕನಕಗಿರಿ, ಕಾರಟಗಿ, ಕುಕನೂರು ಅನಂತರ ಸೇರಿದವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 13,89,920. ಗಂಗಾವತಿ ಭಾಗಕ್ಕೆ ತುಂಗಭದ್ರೆಯ ಕಾಲುವೆ ನೀರುಂಟು, ಭತ್ತದ ಗದ್ದೆಗಳುಂಟು. ಕುಷ್ಟಗಿ, ಯಲಬುರ್ಗಾ ಮತ್ತು ಇರಕಲ್ಲಗಡದ ಕಡೆ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಾರೆ. ಈ ವ್ಯತ್ಯಾಸ ಆಸ್ಪತ್ರೆಯ ಲೆಕ್ಕದಲ್ಲೂ ಕಾಣುತ್ತದೆ: ನೀರಾವರಿಯ ರೈತನ ಕೈಯಲ್ಲಿ ಸಹಕಾರ ಸಂಘದ ಸದಸ್ಯತ್ವವಿದ್ದರೆ, ಗುಳೆ ಹೋದವನ ಕಾರ್ಡ್ ಊರಿನ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ.

ಸರ್ಕಾರಿ ವ್ಯವಸ್ಥೆ ಮೆಟ್ಟಿಲು ಮೆಟ್ಟಿಲಾಗಿದೆ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರ, ಅದರ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ, ಕುಷ್ಟಗಿ ಮತ್ತು ಯಲಬುರ್ಗಾಗಳ ತಾಲ್ಲೂಕು ಆಸ್ಪತ್ರೆ, ಗಂಗಾವತಿಯ ಉಪವಿಭಾಗ ಆಸ್ಪತ್ರೆ, ಕೊಪ್ಪಳದ ಜಿಲ್ಲಾ ಆಸ್ಪತ್ರೆ. 2015ರಲ್ಲಿ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಗಿ ಜಿಲ್ಲಾ ಆಸ್ಪತ್ರೆ ಬೋಧಕ ಆಸ್ಪತ್ರೆಯಾಯಿತು. ಹಿಂದೆ ಬಳ್ಳಾರಿಗೋ ಹುಬ್ಬಳ್ಳಿಗೋ ಸಾಗಹಾಕುತ್ತಿದ್ದ ಎಷ್ಟೋ ಪ್ರಕರಣಗಳು ಈಗ ಜಿಲ್ಲೆಯೊಳಗೇ ನಿಲ್ಲಬಲ್ಲವು. ಹೃದಯ, ಕ್ಯಾನ್ಸರ್, ನರರೋಗದಂಥವಕ್ಕೆ ಮಾತ್ರ ಹುಬ್ಬಳ್ಳಿ, ಬಳ್ಳಾರಿ, ಬಾಗಲಕೋಟೆ, ಕಲಬುರಗಿ, ಕೊನೆಗೆ ಬೆಂಗಳೂರಿನ ಜಯದೇವ, ಕಿದ್ವಾಯಿ, ನಿಮ್ಹಾನ್ಸ್. ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುವ ರೋಗಿಗಳಿಗೆ ಈ ಹೆಸರುಗಳೆಲ್ಲ ಬಾಯಿಪಾಠ.

ಈ ಮೆಟ್ಟಿಲುಗಳ ಹೊರಗೆ ಊರೂರಿನಲ್ಲಿ ಆರ್‌ಎಂಪಿ ಡಾಕ್ಟರುಗಳಿದ್ದಾರೆ. ಜ್ವರ, ಕೈಕಾಲು ನೋವು, ವಾಂತಿಭೇದಿಗೆ ಸೂಜಿ, ಗುಳಿಗೆ, ಸಲಾಯಿನ್ ಅಲ್ಲೇ ಆಗುತ್ತದೆ. ಇಲ್ಲಿ ಯಾವ ಕಾರ್ಡೂ ನಡೆಯುವುದಿಲ್ಲ, ಆದರೆ ಉದ್ರಿ ನಡೆಯುತ್ತದೆ. ರಾತ್ರಿ ಹೊತ್ತಿನಲ್ಲಿ ಮನೆ ಬಾಗಿಲಿಗೆ ಬರುವವರೂ ಅವರೇ. ಮಾನ್ಯತೆ ಇಲ್ಲದ ಈ ಚಿಕಿತ್ಸೆಯ ಅಪಾಯ ದೊಡ್ಡದು. ಅದು ಉಳಿದುಕೊಂಡಿರುವುದಕ್ಕೆ ಕಾರಣ ಜನರ ಅಜ್ಞಾನವೊಂದೇ ಎನ್ನುವುದು ಅನ್ಯಾಯದ ಮಾತು. ಅರ್ಧ ದಿನದ ಕೂಲಿ ಬಿಟ್ಟು ಆರೋಗ್ಯ ಕೇಂದ್ರಕ್ಕೆ ಹೋಗಿ ಸಾಲಿನಲ್ಲಿ ನಿಲ್ಲುವುದಕ್ಕೆ ಬಡವರ ಮನೆಯಲ್ಲಿ ಒಂದು ಬೆಲೆಯಿದೆ.

ಅರವತ್ತು ರೂಪಾಯಿಯ ಯೋಜನೆ

ಕರ್ನಾಟಕದ ಹಳ್ಳಿಗಳಲ್ಲಿ ಆರೋಗ್ಯ ವಿಮೆ ಎಂಬುದು ಮನೆಮಾತಾದದ್ದು ಯಶಸ್ವಿನಿಯಿಂದ. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಕಲ್ಪನೆಯಿಂದ ಹುಟ್ಟಿದ ಈ ಯೋಜನೆಯನ್ನು 2002ರ ನವೆಂಬರಿನಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಉದ್ಘಾಟಿಸಿದರು, 2003ರ ಜೂನ್ 1ರಿಂದ ಚಿಕಿತ್ಸೆ ಶುರುವಾಯಿತು. ಸಹಕಾರ ಸಂಘದ ಸದಸ್ಯನಾದ ರೈತ ವರ್ಷಕ್ಕೆ ತಲೆಗೆ 60 ರೂಪಾಯಿ ಕಟ್ಟಬೇಕಿತ್ತು, ಅಂದರೆ ತಿಂಗಳಿಗೆ 5 ರೂಪಾಯಿ. ಮೊದಲ ವರ್ಷವೇ 16 ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಹಾಲಿನ ಸಂಘ, ಪತ್ತಿನ ಸಂಘಗಳ ಕಾರ್ಯದರ್ಶಿಗಳೇ ಹಣ ಕೂಡಿಸಿ ಕಟ್ಟುತ್ತಿದ್ದರು. ಪ್ರತ್ಯೇಕ ಏಜೆಂಟರ ಪಡೆ ಬೇಕಾಗಲಿಲ್ಲ.

ಯಶಸ್ವಿನಿ ಹೊರುತ್ತಿದ್ದದ್ದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯನ್ನು. ಪಟ್ಟಿಯಲ್ಲಿ 1,600ಕ್ಕೂ ಹೆಚ್ಚು ಬಗೆಯ ಆಪರೇಷನ್ನುಗಳಿದ್ದವು. ಟೈಫಾಯ್ಡ್ ಬಂದು ಹತ್ತು ದಿನ ಮಲಗಿದವನಿಗೆ ಅದರಿಂದ ಹೆಚ್ಚಿನ ನೆರವಿರಲಿಲ್ಲ. ಈ ಮಿತಿಯನ್ನು ಟೀಕಿಸಿದವರಿದ್ದಾರೆ. ಆದರೆ ವರ್ಷಕ್ಕೆ 60 ರೂಪಾಯಿಯಲ್ಲಿ ಎಲ್ಲವನ್ನೂ ಹೊರಲು ಆಗದು ಎಂದಾದಾಗ ಮನೆಯನ್ನು ಮುಳುಗಿಸುವ ದೊಡ್ಡ ಖರ್ಚನ್ನು ಆಯ್ದುಕೊಂಡದ್ದು ವಿವೇಕದ ತೀರ್ಮಾನವೇ. 2018ರಲ್ಲಿ ಸರ್ಕಾರ ಎಲ್ಲ ಯೋಜನೆಗಳನ್ನು ಒಂದುಗೂಡಿಸುವ ನಿರ್ಧಾರ ಮಾಡಿ ಯಶಸ್ವಿನಿಯನ್ನು ನಿಲ್ಲಿಸಿತು. ರೈತರ ಒತ್ತಾಯದ ಮೇಲೆ 2022ರ ನವೆಂಬರಿನಲ್ಲಿ ಅದನ್ನು ಮರಳಿ ತಂದರು. 2023ರ ಜನವರಿಯಿಂದ ಚಿಕಿತ್ಸೆ ಆರಂಭವಾಯಿತು. ಹೊಸ ರೂಪದಲ್ಲಿ ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಹೆಚ್ಚಿನ ಪ್ರತಿ ಸದಸ್ಯರಿಗೆ 100 ರೂಪಾಯಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಂತಿಗೆಯನ್ನು ಸರ್ಕಾರವೇ ಕಟ್ಟುತ್ತದೆ. ಕುಟುಂಬಕ್ಕೆ ವರ್ಷದ ಮಿತಿ 5 ಲಕ್ಷ ರೂಪಾಯಿ. ನೋಂದಣಿಗೆ ಗಡುವಿರುತ್ತದೆ ಎಂಬುದನ್ನು ನೆನಪಿಡಬೇಕು: ರೋಗ ಬಂದ ಮೇಲೆ ಸಂಘಕ್ಕೆ ಓಡಿದರೆ ಆ ವರ್ಷ ಉಪಯೋಗವಿಲ್ಲ.

ಕೊಪ್ಪಳಕ್ಕೆ ಮೊದಲು ಬಂದ ಆರೋಗ್ಯಶ್ರೀ

ಎರಡನೆಯ ದೊಡ್ಡ ಹೆಜ್ಜೆ ಈ ಸೀಮೆಯಿಂದಲೇ ಶುರುವಾಯಿತು. ರಾಜ್ಯ ಸರ್ಕಾರ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಎಂಬ ಸಂಸ್ಥೆ ಕಟ್ಟಿ, ಅದರ ಮೂಲಕ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊದಲು ಗುಲ್ಬರ್ಗ ವಿಭಾಗದಲ್ಲಿ ಜಾರಿಗೆ ತಂದಿತು. ಕೊಪ್ಪಳ ಆ ವಿಭಾಗದ ಜಿಲ್ಲೆ. ಅನಂತರ ಬೆಳಗಾವಿ ವಿಭಾಗ, 2012ರಲ್ಲಿ ರಾಜ್ಯದ ಉಳಿದ ಭಾಗ. ಸಾಮಾನ್ಯವಾಗಿ ಬೆಂಗಳೂರಿಗೆ ಮೊದಲು ಬಂದು ಕೊನೆಗೆ ಹೈದರಾಬಾದ್ ಕರ್ನಾಟಕಕ್ಕೆ ತಲುಪುವುದು ವಾಡಿಕೆ. ಇಲ್ಲಿ ಅದು ತಿರುವುಮುರುವಾಯಿತು.

ಬಡತನ ರೇಖೆಗಿಂತ ಕೆಳಗಿನ ಕುಟುಂಬ ಒಂದು ಪೈಸೆ ವಂತಿಗೆ ಕಟ್ಟಬೇಕಿರಲಿಲ್ಲ. ಐವರವರೆಗಿನ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿ, ಅಗತ್ಯ ಬಿದ್ದರೆ ಇನ್ನೂ 50 ಸಾವಿರ. ಹೃದಯ, ಕ್ಯಾನ್ಸರ್, ನರ, ಮೂತ್ರಪಿಂಡ, ಸುಟ್ಟಗಾಯ, ಅಪಘಾತದ ಬಹುಪೆಟ್ಟು, ನವಜಾತ ಶಿಶು ಹೀಗೆ ದುಬಾರಿ ರೋಗಗಳ ನಾಲ್ಕುನೂರು ಚಿಕಿತ್ಸೆಗಳು ಪಟ್ಟಿಯಲ್ಲಿದ್ದವು. ಈ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಬಹುಪಾಲು ದೂರದ ನಗರಗಳಲ್ಲಿದ್ದುದರಿಂದ ತಾಲ್ಲೂಕು ತಾಲ್ಲೂಕಿಗೆ ಆರೋಗ್ಯ ಶಿಬಿರ ನಡೆಸಿ, ರೋಗಿಗಳನ್ನು ಅಲ್ಲೇ ಗುರುತಿಸಿ ಕಳಿಸುವ ಪದ್ಧತಿ ಮಾಡಿದರು. ಕಾರ್ಡಿಗಿಂತ ಶಿಬಿರ ಮುಖ್ಯವಾಗಿತ್ತು ಎಂದರೂ ತಪ್ಪಿಲ್ಲ. ಎದೆನೋವನ್ನು ವಾಯು ಎಂದು ಬಗೆದು ಸುಮ್ಮನಿದ್ದ ರೈತನಿಗೆ ತನ್ನ ರೋಗದ ಹೆಸರು ಗೊತ್ತಾದದ್ದು ಇಂಥ ಶಿಬಿರದಲ್ಲಿ.

ಈ ಯೋಜನೆಯ ಫಲವನ್ನು ಅಳೆದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ನೀರಜ್ ಸೂದ್, ಎರಾನ್ ಬೆಂಡೇವಿಡ್, ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಅರ್ನಬ್ ಮುಖರ್ಜಿ ಮತ್ತಿತರರು ನಡೆಸಿದ್ದು. ಯೋಜನೆ ಬಂದಿದ್ದ ಉತ್ತರದ ಜಿಲ್ಲೆಗಳಿಗೂ ಇನ್ನೂ ಬಂದಿರದ ದಕ್ಷಿಣದ ಜಿಲ್ಲೆಗಳಿಗೂ ನಡುವಿನ ಗಡಿಯನ್ನು ಅವರು ಹಿಡಿದುಕೊಂಡರು. ಗಡಿಯ ಆಚೀಚೆಯ ಹಳ್ಳಿಗಳಲ್ಲಿ ಮಣ್ಣು, ಬೆಳೆ, ಬಡತನ ಹೆಚ್ಚು ಕಡಿಮೆ ಒಂದೇ, ಕಾರ್ಡಿನದಷ್ಟೇ ವ್ಯತ್ಯಾಸ. ಯೋಜನೆಯಿದ್ದ 300 ಹಳ್ಳಿಗಳ 31,476 ಮನೆ, ಇಲ್ಲದ 272 ಹಳ್ಳಿಗಳ 28,633 ಮನೆಗಳಿಗೆ ಹೋಗಿ ವಿಚಾರಿಸಿದರು. ಯೋಜನೆಯಿಂದ ತಪ್ಪಿಸಬಹುದಾದ ರೋಗಗಳಿಂದಾದ ಸಾವಿನ ಪ್ರಮಾಣ ಬಡ ಕುಟುಂಬಗಳಲ್ಲಿ ಕಾರ್ಡ್ ಇದ್ದ ಕಡೆ 0.32 ಪ್ರತಿಶತ, ಇಲ್ಲದ ಕಡೆ 0.90 ಪ್ರತಿಶತ. ಕಾರ್ಡಿಗೆ ಅರ್ಹರಲ್ಲದ ಮೇಲಿನ ವರ್ಗದವರಲ್ಲಿ ಗಡಿಯ ಎರಡೂ ಕಡೆ ಅಂಥ ಅಂತರ ಕಾಣಲಿಲ್ಲ. ಹಾಗಾಗಿ ಬಡವರ ಜೀವ ಉಳಿದದ್ದು ಬೇರಾವುದೋ ಕಾರಣದಿಂದ ಎನ್ನುವುದು ಕಷ್ಟ. ದೊಡ್ಡ ಆಸ್ಪತ್ರೆಗೆ ಸೇರಿದಾಗ ಕೈಯಿಂದ ಹಾಕುವ ಹಣವೂ ಗಣನೀಯವಾಗಿ ಇಳಿದಿತ್ತು. ಸರ್ಕಾರಿ ವಿಮೆಯಿಂದ ಏನೂ ಆಗುವುದಿಲ್ಲ ಎನ್ನುವವರಿಗೆ ಉತ್ತರವಾಗಿ ಈ ಎರಡು ಅಂಕಿಗಳು ನಿಲ್ಲುತ್ತವೆ.

ಈಗಿನ ಕಾರ್ಡ್

ಯಶಸ್ವಿನಿ, ಆರೋಗ್ಯಶ್ರೀ, ಮೇಲಿನ ವರ್ಗದವರಿಗೆಂದು ಬಂದ ರಾಜೀವ್ ಆರೋಗ್ಯ ಭಾಗ್ಯ, ಅಪಘಾತಕ್ಕೊಳಗಾದವರಿಗೆ 2016ರಲ್ಲಿ ಬಂದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಹೀಗೆ ಹೆಸರುಗಳು ಹೆಚ್ಚಿ ಗೊಂದಲವಾಗಿತ್ತು. 2018ರ ಮಾರ್ಚ್‌ನಲ್ಲಿ ಇವನ್ನು ಕೂಡಿಸಿ ‘ಆರೋಗ್ಯ ಕರ್ನಾಟಕ’ ಆರಂಭಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು. ಅಕ್ಟೋಬರ್ ಕೊನೆಗೆ ಎರಡೂ ಒಂದಾದವು. ಜನ ಈಗ ‘ಆಯುಷ್ಮಾನ್ ಕಾರ್ಡ್’ ಎನ್ನುವುದು ಈ ಜಂಟಿ ಯೋಜನೆಯನ್ನು. ಕಂತು ಪಡೆಯುವ ವಿಮಾ ಕಂಪನಿ ನಡುವೆ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಹಣ ಕೊಡುತ್ತದೆ.

ಬಿಪಿಎಲ್ ರೇಷನ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪೂರ್ತಿ ಉಚಿತ. ಎಪಿಎಲ್ ಕುಟುಂಬಕ್ಕೆ ನಿಗದಿತ ಪ್ಯಾಕೇಜ್ ದರದ 30 ಪ್ರತಿಶತ ಮಾತ್ರ ಸರ್ಕಾರದ್ದು, ವರ್ಷಕ್ಕೆ 1.5 ಲಕ್ಷ ಮೀರದಂತೆ. ಉಳಿದ 70 ಪ್ರತಿಶತ ರೋಗಿಯದು. ಹೀಗಾಗಿ ರೇಷನ್ ಕಾರ್ಡ್ ಅಕ್ಕಿಗಷ್ಟೇ ಸೀಮಿತವಾಗಿಲ್ಲ. ಮನೆಯ ಕಾರ್ಡ್ ಬಿಪಿಎಲ್‌ನಿಂದ ಎಪಿಎಲ್‌ಗೆ ಜಾರಿದರೆ ಹೃದಯದ ಆಪರೇಷನ್ನಿನ ಖರ್ಚು ಸೊನ್ನೆಯಿಂದ ಲಕ್ಷಕ್ಕೆ ಏರುತ್ತದೆ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳ ಪರಿಷ್ಕರಣೆ ನಡೆದಾಗ ಹಳ್ಳಿಗಳಲ್ಲಿ ಎದ್ದ ಆತಂಕದಲ್ಲಿ ಇದರ ಪಾಲೂ ಇತ್ತು.

ಈ ಯೋಜನೆಯ ನಿಜವಾದ ಕೀಲಿಕೈ ಚಿಕಿತ್ಸೆಗಳ ವರ್ಗೀಕರಣದಲ್ಲಿದೆ. 2018ರ ಪಟ್ಟಿಯಲ್ಲಿ 1,650 ಚಿಕಿತ್ಸೆಗಳಿದ್ದವು. ಅವುಗಳಲ್ಲಿ 291 ಸಾಮಾನ್ಯ ದ್ವಿತೀಯ ಹಂತದವು. ಹೆರಿಗೆ, ಸಾದಾ ಜ್ವರಗಳ ದಾಖಲಾತಿ, ಚಿಕ್ಕಪುಟ್ಟ ಆಪರೇಷನ್ನಿನಂಥ ಇವನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಪಡೆಯಬೇಕು. 254 ಕ್ಲಿಷ್ಟ ದ್ವಿತೀಯ ಹಂತದವು ಮತ್ತು 900 ತೃತೀಯ ಹಂತದವು. ಇವು ಸರ್ಕಾರಿ ಆಸ್ಪತ್ರೆಯಲ್ಲಿ ಆಗದಿದ್ದರೆ ಅಲ್ಲಿನ ವೈದ್ಯರು ರೆಫರ್ ಮಾಡಿದ ಮೇಲೆ ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಸಿಗುತ್ತವೆ. 169 ತುರ್ತು ಚಿಕಿತ್ಸೆಗಳಿಗೆ ಮಾತ್ರ ರೆಫರ್ ಚೀಟಿ ಬೇಡ. ನೇರವಾಗಿ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ಉಳಿದ 36 ಇವುಗಳ ಉಪವಿಭಾಗಗಳು.

“ಕಾರ್ಡ್ ನಡೀಲಿಲ್ಲ” ಎಂಬ ದೂರುಗಳಲ್ಲಿ ಬಹಳಷ್ಟು ಇಲ್ಲೇ ಹುಟ್ಟುತ್ತವೆ. ಮಂಡಿ ನೋವಿನ ಹಿರಿಯರನ್ನು ಮಕ್ಕಳು ನೇರ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆ, ಚಿಕಿತ್ಸೆಯೂ ಪಟ್ಟಿಯಲ್ಲಿದೆ, ಕಾರ್ಡೂ ಇದೆ. ರೆಫರ್ ಚೀಟಿ ಇಲ್ಲ. ಮರಳಿ ಕೊಪ್ಪಳಕ್ಕೆ ಬಂದು ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ಪಡೆಯಬೇಕು. ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ನೋವಿರುವ ಕಾಲಿನಲ್ಲಿ ಹೋಗಿ ಬರುವ ಬದಲು ಕೈಯಿಂದ ಕಟ್ಟಿಬಿಡೋಣ ಎಂದು ಸಾಲ ಎತ್ತುವವರಿದ್ದಾರೆ. ಸರ್ಕಾರಿ ಆಸ್ಪತ್ರೆಗಳು ಬರಿದಾಗಬಾರದು, ಖಾಸಗಿಯವರು ಬೇಡದ ಆಪರೇಷನ್ನಿಗೆ ಕೈಹಾಕಬಾರದು ಎಂಬ ಉದ್ದೇಶದಿಂದ ಈ ನಿಯಮ ಬಂದಿದೆ, ಉದ್ದೇಶ ಸರಿಯಾದದ್ದೇ. ಆದರೆ ನಿಯಮವೊಂದನ್ನು ಮಾಡಿದ ಮೇಲೆ ಅದನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸುವುದೂ ಸರ್ಕಾರದ ಕೆಲಸ. ಮೊದಲು ಸರ್ಕಾರಿ ಆಸ್ಪತ್ರೆ, ಆಮೇಲೆ ಉಳಿದದ್ದು ಎಂಬ ಒಂದು ಸಾಲನ್ನು ತಿಳಿದಿದ್ದ ಕುಟುಂಬ ಸಾಲದಿಂದ ಪಾರಾಗುತ್ತದೆ.

ನೋಂದಾಯಿತ ಆಸ್ಪತ್ರೆಗಳಲ್ಲಿ ‘ಆರೋಗ್ಯ ಮಿತ್ರ’ ಎಂಬ ಸಿಬ್ಬಂದಿ ಕೂರುತ್ತಾರೆ. ರೋಗಿಯ ಆಧಾರ್ ಮತ್ತು ರೇಷನ್ ಕಾರ್ಡ್ ನೋಡಿ ಹೆಸರು ದಾಖಲಿಸುವುದು, ಟ್ರಸ್ಟಿನ ಪೂರ್ವಾನುಮತಿಗೆ ಕಾಗದ ಕಳಿಸುವುದು, ಯಾವ ಆಸ್ಪತ್ರೆಗೆ ಹೋಗಬೇಕೆಂದು ಹೇಳುವುದು ಅವರ ಕೆಲಸ. ಪ್ಲಾಸ್ಟಿಕ್ ಕಾರ್ಡ್ ಮನೆಯಲ್ಲಿ ಮರೆತಿದ್ದರೆ ಚಿಕಿತ್ಸೆ ತಪ್ಪುವುದಿಲ್ಲ. ಆಧಾರ್ ಮತ್ತು ರೇಷನ್ ಕಾರ್ಡಿನ ಮಾಹಿತಿಯಿಂದ ಅಲ್ಲೇ ಹೆಸರು ತೆಗೆಯಬಹುದು. ತೊಡಕು ಬರುವುದು ರೇಷನ್ ಕಾರ್ಡಿನಲ್ಲಿ ಹೆಸರೇ ಇಲ್ಲದಾಗ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಕಾರ್ಡಿನಿಂದ ತೆಗೆದು ಗಂಡನ ಮನೆಯ ಕಾರ್ಡಿಗೆ ಸೇರಿಸಿರುವುದಿಲ್ಲ. ಹೊಸ ಮಗುವಿನದು ಸೇರಿಸಿರುವುದಿಲ್ಲ. ಇದನ್ನು ಆರೋಗ್ಯ ಚೆನ್ನಾಗಿರುವಾಗಲೇ ಗ್ರಾಮ ಒನ್ ಕೇಂದ್ರದಲ್ಲಿ ವಿಚಾರಿಸಿ ಸರಿಪಡಿಸಿಕೊಳ್ಳುವುದು ಮೇಲು.

ಪ್ಯಾಕೇಜ್ ದರದಲ್ಲಿ ಹಾಸಿಗೆ, ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್, ಪರೀಕ್ಷೆಗಳು, ಔಷಧ, ಒಳಗೆ ಕೂರಿಸುವ ಸ್ಟೆಂಟ್ ಅಥವಾ ರಾಡಿನಂಥ ಸಾಧನ, ರೋಗಿಯ ಊಟ ಎಲ್ಲ ಸೇರಿವೆ. ದಾಖಲಾಗುವ ಮುಂಚಿನ 3 ದಿನಗಳ ಪರೀಕ್ಷೆ, ಬಿಡುಗಡೆಯಾದ ಮೇಲಿನ 15 ದಿನಗಳ ಔಷಧವೂ ಕೇಂದ್ರದ ನಿಯಮದಂತೆ ಇದರೊಳಗೇ ಬರುತ್ತವೆ. ಹಳೆಯ ಕಾಯಿಲೆ ಎಂಬ ಕಾರಣಕ್ಕೆ ಹೊರಗಿಡುವಂತಿಲ್ಲ. ಮೊದಲ ದಿನದಿಂದಲೇ ಲಾಗು. ಆರೋಗ್ಯಶ್ರೀಯಲ್ಲಿದ್ದ ಐವರ ಮಿತಿಯೂ ಆಯುಷ್ಮಾನ್‌ನಲ್ಲಿ ಇಲ್ಲ. ಈ ಕೊನೆಯ ಬದಲಾವಣೆ ಚಿಕ್ಕದೆನಿಸಬಹುದು. ಅವಿಭಕ್ತ ಕುಟುಂಬದಲ್ಲಿ ಐದು ಹೆಸರು ಆರಿಸಬೇಕಾದರೆ ಬಿಟ್ಟುಹೋಗುವುದು ಮುದುಕಿಯ ಹೆಸರೋ ಕಿರಿಯ ಹುಡುಗಿಯ ಹೆಸರೋ ಎಂಬುದನ್ನು ಬಲ್ಲವರಿಗೆ ಅದರ ತೂಕ ತಿಳಿಯುತ್ತದೆ.

ಹೆಂಗಸರು, ಹೆರಿಗೆ, ಕೂಸು

ಮನೆಯೊಳಗೆ ಚಿಕಿತ್ಸೆಯಲ್ಲಿ ಹಿಂದೆ ಬೀಳುವುದು ಹೆಂಗಸರೇ ಎಂಬ ಮಾತಿಗೆ ಕೊಪ್ಪಳದಲ್ಲೇ ಆಧಾರವಿದೆ. 2000ದ ದಶಕದಲ್ಲಿ ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಗೀತಾ ಸೇನ್, ಅದಿತಿ ಅಯ್ಯರ್, ಆಶಾ ಜಾರ್ಜ್ ಅವರ ತಂಡ ಜಿಲ್ಲೆಯ ಹಳ್ಳಿಗಳಲ್ಲಿ ಲಿಂಗ ಮತ್ತು ಆರೋಗ್ಯದ ಅಸಮಾನತೆಯನ್ನು ಅಧ್ಯಯನ ಮಾಡಿತು. 2007ರಲ್ಲಿ ಅದರ ಬರಹಗಳು ಪ್ರಕಟವಾದವು. ಬಡತನ, ಜಾತಿ, ಹೆಣ್ಣುತನ ಮೂರೂ ಒಂದರ ಮೇಲೊಂದು ಕೂತಾಗ ಚಿಕಿತ್ಸೆ ಹೇಗೆ ಕೈತಪ್ಪುತ್ತದೆ ಎಂಬುದು ಅವುಗಳ ತಿರುಳು. ಹಣ ಸಾಲದ ಮನೆಯಲ್ಲಿ ಚಿಕಿತ್ಸೆಯನ್ನು ಮುಂದೂಡುವ ಅಥವಾ ನಡುವೆ ನಿಲ್ಲಿಸುವ ಸರದಿ ಮೊದಲು ಹೆಂಗಸಿನದು. ತಾಯಂದಿರ ಸಾವು ಜಿಲ್ಲೆಯಲ್ಲಿ ಹೆಚ್ಚಾಗಿ ಉಳಿದುದರ ಹಿಂದೆ ಸೇವೆಯ ಕೊರತೆಗಳನ್ನೂ ಆ ತಂಡ ಹೆಸರಿಸಿ ಬರೆಯಿತು.

ಹೆರಿಗೆಗೆ ಇಂದು ವಿಮೆಯ ಕಾರ್ಡಿಗಿಂತ ಬಲವಾದ ಆಸರೆ ಬೇರೆಯಿದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ, ಪೂರ್ತಿ ಉಚಿತ. ಔಷಧ, ಪರೀಕ್ಷೆ, ಬೇಕಾದಾಗ ರಕ್ತ, ಬಾಣಂತಿಯ ಊಟ, ಆಸ್ಪತ್ರೆಗೆ ಕರೆತರುವ ಮತ್ತು ಮನೆಗೆ ಬಿಡುವ ವಾಹನ ಇದರಲ್ಲಿ ಸೇರಿವೆ. ಕೂಸಿಗೆ ಕಾಯಿಲೆಯಾದರೆ ಅದರ ಚಿಕಿತ್ಸೆಯೂ ಉಚಿತ. ಇದಕ್ಕೆ ಬಿಪಿಎಲ್, ಎಪಿಎಲ್ ಭೇದವಿಲ್ಲ. ಎರಡನೇ ಹೆರಿಗೆ, ಮೂರನೇ ಹೆರಿಗೆ ಎಂಬ ಲೆಕ್ಕವೂ ಇಲ್ಲ. ಕರೆತರಲು 108, ಮರಳಿ ಬಿಡಲು ‘ನಗು-ಮಗು’ ವಾಹನ. ರಾಜ್ಯದಲ್ಲಿ 108 ಆರೋಗ್ಯ ಕವಚ ಸೇವೆ 2008ರ ನವೆಂಬರ್ 1ರಂದು ಶುರುವಾಯಿತು. ಅದಕ್ಕೂ ಮುಂಚೆ ಹೆರಿಗೆ ನೋವಿನ ಹೆಂಗಸು ಟ್ರ್ಯಾಕ್ಟರಿನಲ್ಲಿ, ಟಂಟಂನಲ್ಲಿ ಬರಬೇಕಾಗುತ್ತಿತ್ತು.

ತೂಕ ಕಡಿಮೆಯಿರುವ, ತೀವ್ರ ಅಪೌಷ್ಟಿಕತೆಯ ಮಗುವನ್ನು ಸೇರಿಸಿಕೊಳ್ಳುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ಒಂದು ವಿಶೇಷವಿದೆ. ಮಗುವಿನೊಡನೆ ಎರಡು ವಾರ ಉಳಿಯುವ ತಾಯಿಗೆ ಕಳೆದುಕೊಂಡ ದಿನಗೂಲಿಯ ಬದಲು ಭತ್ಯೆ ಕೊಡುತ್ತಾರೆ. ಕೂಲಿ ಕಳೆದುಕೊಳ್ಳುವುದೂ ರೋಗದ ಖರ್ಚೇ ಎಂದು ಒಪ್ಪಿಕೊಂಡ ಕೆಲವೇ ಸರ್ಕಾರಿ ವ್ಯವಸ್ಥೆಗಳಲ್ಲಿ ಇದು ಒಂದು.

ಕಾರ್ಡ್ ಕೇಳದ ಚಿಕಿತ್ಸೆಗಳು

ಕೆಲವು ರೋಗಗಳಿಗೆ ವಿಮೆಯ ವಿಚಾರವೇ ಏಳಬಾರದು. ಕ್ಷಯಕ್ಕೆ ಪರೀಕ್ಷೆ, ಔಷಧ ಉಚಿತ. ಚಿಕಿತ್ಸೆ ನಡೆಯುವಷ್ಟು ಕಾಲ ಪೋಷಣೆಗೆಂದು ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1,000. ಹಾವು ಕಡಿತಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಷಹಾರಿ ಔಷಧ ಉಚಿತ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಗಂಗಾವತಿಯ ಗದ್ದೆಗಳಲ್ಲಿ, ಕುಷ್ಟಗಿಯ ಎರೆಹೊಲಗಳಲ್ಲಿ ದುಡಿಯುವವರಿಗೆ ಇದು ತಿಳಿದಿರಬೇಕು: ಕಡಿದವರನ್ನು ಮಂತ್ರ ಹಾಕಿಸಲು, ನಾಟಿ ಔಷಧ ಕುಡಿಸಲು ಒಯ್ಯದೆ ನೇರ ಸರ್ಕಾರಿ ಆಸ್ಪತ್ರೆಗೆ ತರಬೇಕು, ಅಲ್ಲಿ ಕಾರ್ಡ್ ಇಲ್ಲದಿದ್ದರೂ ಚಿಕಿತ್ಸೆ ಸಿಗುತ್ತದೆ. ಹೃದಯಾಘಾತಕ್ಕೂ ಈಚೆಗೆ ಅಂಥದೊಂದು ಏರ್ಪಾಡು ಬಂದಿದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಜಯದೇವದಂಥ ಕೇಂದ್ರದ ತಜ್ಞರಿಗೆ ಕಳಿಸಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ.

ಹುಬ್ಬಳ್ಳಿಯಿಂದ ಬಳ್ಳಾರಿಗೆ ಹೋಗುವ 67ನೇ ರಾಷ್ಟ್ರೀಯ ಹೆದ್ದಾರಿ, ಹೊಸಪೇಟೆಯಿಂದ ವಿಜಯಪುರಕ್ಕೆ ಹೋಗುವ 50ನೇ ಹೆದ್ದಾರಿ ಎರಡೂ ಈ ಜಿಲ್ಲೆಯನ್ನು ಹಾಯುತ್ತವೆ. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಹೊರಡಿಸಿದ ಯೋಜನೆಯಂತೆ ಮೋಟಾರು ವಾಹನದ ರಸ್ತೆ ಅಪಘಾತದಲ್ಲಿ ಗಾಯಗೊಂಡ ಯಾರಿಗೇ ಆಗಲಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಗೆ ಹಕ್ಕಿದೆ. ಗಾಯಾಳುವಿನ ರೇಷನ್ ಕಾರ್ಡಿನ ಬಗೆ ಇಲ್ಲಿ ಲೆಕ್ಕಕ್ಕಿಲ್ಲ.

ಕಾರ್ಖಾನೆ ಮತ್ತು ಗುಳೆ

ಗಿಣಿಗೇರಿ, ಬೇವಿನಹಳ್ಳಿ ಸುತ್ತಲಿನ ಕಬ್ಬಿಣ, ಉಕ್ಕಿನ ಕಾರ್ಖಾನೆಗಳಲ್ಲಿ ಹಳ್ಳಿಯ ಯುವಕರು ದುಡಿಯುತ್ತಾರೆ. ತಿಂಗಳ ವೇತನ 21,000 ರೂಪಾಯಿವರೆಗೆ ಇದ್ದವರಿಗೆ ನೌಕರರ ರಾಜ್ಯ ವಿಮೆ, ಜನರ ಮಾತಿನಲ್ಲಿ ಇಎಸ್ಐ, ಅನ್ವಯಿಸುತ್ತದೆ. 2019ರ ಜುಲೈನಿಂದ ನೌಕರನ ಪಾಲು ವೇತನದ 0.75 ಪ್ರತಿಶತ, ಮಾಲೀಕರದು 3.25 ಪ್ರತಿಶತ. 1948ರ ಕಾಯ್ದೆಯ ಕೂಸಾದ ಈ ಹಳೆಯ ವ್ಯವಸ್ಥೆ ಹೊಸ ಕಾರ್ಡುಗಳಿಗಿಂತ ಒಂದು ವಿಷಯದಲ್ಲಿ ಮುಂದಿದೆ: ಹೊರರೋಗಿ ಚಿಕಿತ್ಸೆ ಮತ್ತು ಔಷಧವೂ ಇದರೊಳಗಿದೆ, ಕಾಯಿಲೆಯಿಂದ ಕೆಲಸಕ್ಕೆ ಹೋಗದ ದಿನಗಳಿಗೆ ವರ್ಷದಲ್ಲಿ 91 ದಿನಗಳವರೆಗೆ ವೇತನದ 70 ಪ್ರತಿಶತ ಸಿಗುತ್ತದೆ. ಗುತ್ತಿಗೆ ಕಾರ್ಮಿಕರೂ ಇದಕ್ಕೆ ಅರ್ಹರು. ತಮ್ಮ ಹೆಸರಿನಲ್ಲಿ ವಂತಿಗೆ ಕಟ್ಟಲಾಗುತ್ತಿದೆಯೇ ಎಂದು ಗುತ್ತಿಗೆದಾರನನ್ನು ಕೇಳುವ ಹಕ್ಕು ಅವರಿಗಿದೆ.

ಬೆಂಗಳೂರು, ಮಂಗಳೂರು, ಗೋವಾ ಕಡೆ ಕಟ್ಟಡ ಕೆಲಸಕ್ಕೆ ಹೋದವರ ಸ್ಥಿತಿ ಬೇರೆ. ರಾಜ್ಯದೊಳಗೆ ಎಲ್ಲೇ ಇದ್ದರೂ ಆಯುಷ್ಮಾನ್ ನೋಂದಣಿ ನಡೆಯುತ್ತದೆ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿ ‘ಲೇಬರ್ ಕಾರ್ಡ್’ ಪಡೆದವರಿಗೆ ಪ್ರಮುಖ ಕಾಯಿಲೆಗಳಿಗೆ ವೈದ್ಯಕೀಯ ಸಹಾಯಧನವಿದೆ. ಗೋವಾ ಸರ್ಕಾರ 2018ರಿಂದ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಹೊರರಾಜ್ಯದವರಿಗೆ ಶುಲ್ಕ ವಿಧಿಸುತ್ತಿರುವುದರಿಂದ ಅಲ್ಲಿ ಜಡ್ಡು ಬಿದ್ದವರು ಬಸ್ಸು ಹತ್ತಿ ಊರಿಗೆ ಮರಳುವುದೇ ಹೆಚ್ಚು.

ಖಾಸಗಿ ಪಾಲಿಸಿ

ಶಿಕ್ಷಕರು, ಅಂಗಡಿಕಾರರು, ಬ್ಯಾಂಕಿನವರು ಕೊಳ್ಳುವ ಖಾಸಗಿ ಆರೋಗ್ಯ ವಿಮೆ ಹಳ್ಳಿಗಳಲ್ಲಿ ಇನ್ನೂ ವಿರಳ. ಅದರ ಶರತ್ತುಗಳು ಸರ್ಕಾರಿ ಕಾರ್ಡಿನವಕ್ಕಿಂತ ತೀರ ಬೇರೆ. ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಸಾಮಾನ್ಯವಾಗಿ ಮೊದಲ 30 ದಿನ ರಕ್ಷೆಯಿಲ್ಲ. ಸಕ್ಕರೆ ಕಾಯಿಲೆ, ಬಿಪಿಯಂಥ ಮುಂಚಿನಿಂದಿದ್ದ ರೋಗಗಳಿಗೆ ಕಾಯುವ ಅವಧಿಯುಂಟು. 2024ರ ನಿಯಮದಂತೆ ಅದು 3 ವರ್ಷ ಮೀರುವಂತಿಲ್ಲ. 5 ವರ್ಷ ಬಿಡದೆ ಕಂತು ಕಟ್ಟಿದ ಮೇಲೆ ವಂಚನೆ ಸಾಬೀತಾದ ಹೊರತು ರೋಗ ಮುಚ್ಚಿಟ್ಟಿರೆಂದು ಕ್ಲೇಮ್ ತಳ್ಳುವಂತಿಲ್ಲ. ಕೊಠಡಿ ಬಾಡಿಗೆಗೆ ಮಿತಿಯಿರುವ ಪಾಲಿಸಿಯಲ್ಲಿ ದುಬಾರಿ ಕೊಠಡಿ ತೆಗೆದುಕೊಂಡರೆ ಬಾಡಿಗೆಯ ವ್ಯತ್ಯಾಸದ ಜತೆಗೆ ವೈದ್ಯರ ಶುಲ್ಕ ಮೊದಲಾದ ಖರ್ಚಿನಲ್ಲೂ ಅದೇ ಅನುಪಾತದ ಕಡಿತ ಬೀಳುತ್ತದೆ. ಈ ಒಂದು ಷರತ್ತಿನಿಂದ ಬಿಲ್ಲಿನ ಅರ್ಧವನ್ನು ಕೈಯಿಂದ ಕಟ್ಟಿದವರಿದ್ದಾರೆ.

ಇದಕ್ಕಿಂತ ವ್ಯಾಪಕವಾದ ಗೊಂದಲ ಬ್ಯಾಂಕಿನ ಖಾತೆಯಲ್ಲಿದೆ. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ, 436 ರೂಪಾಯಿ ಕಡಿತವಾದದ್ದನ್ನು ತೋರಿಸಿ ‘ನಮಗೂ ಇನ್ಶೂರೆನ್ಸ್ ಐತಿ’ ಎಂದು ಆಸ್ಪತ್ರೆಗೆ ಬರುವವರನ್ನು ಕಂಡರೆ ಸಂಕಟವಾಗುತ್ತದೆ. 20 ರೂಪಾಯಿಯದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಪಘಾತದ ಸಾವು ಮತ್ತು ಅಂಗವೈಕಲ್ಯಕ್ಕೆ. 436ರದು ಜೀವನ ಜ್ಯೋತಿ ಬಿಮಾ, ಸಾವಿಗೆ. ಎರಡೂ ಒಳ್ಳೆಯವೇ, ಆದರೆ ಆಸ್ಪತ್ರೆಯ ಬಿಲ್ಲಿಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

ಬಿಲ್ಲಿನಲ್ಲಿ ಬಾರದ ಖರ್ಚು

ಸೊನ್ನೆ ಬಿಲ್ಲಿನೊಂದಿಗೆ ಹೊರಬಂದ ಕುಟುಂಬವೂ ಸಾಲದಲ್ಲಿರಬಹುದು. ದಾಖಲಾಗುವ ಮೊದಲು ರೋಗ ಯಾವುದೆಂದು ತಿಳಿಯಲು ತಿಂಗಳುಗಟ್ಟಲೆ ಅಲೆದಾಟ, ಹೊರರೋಗಿಯಾಗಿ ಮಾಡಿಸಿದ ಸ್ಕ್ಯಾನ್, ರಕ್ತ ಪರೀಕ್ಷೆಗಳ ಹಣ ಕಾರ್ಡಿನಲ್ಲಿ ಬರುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆಗೆ ಬದುಕಿಡೀ ನುಂಗಬೇಕಾದ ಗುಳಿಗೆ ಸರ್ಕಾರಿ ಕೇಂದ್ರದಲ್ಲಿ ಸಿಕ್ಕರೆ ಉಚಿತ, ಆ ತಿಂಗಳು ಮುಗಿದಿದ್ದರೆ ಅಂಗಡಿಯಿಂದ. ಬೆಂಗಳೂರು ಸುಮಾರು 350 ಕಿ.ಮೀ. ದೂರ. ಕ್ಯಾನ್ಸರಿನ ವಿಕಿರಣ ಚಿಕಿತ್ಸೆಗೆ ವಾರಗಟ್ಟಲೆ ಅಲ್ಲಿರಬೇಕು. ಜೊತೆಗೆ ಹೋದವರ ಊಟ, ವಸತಿ, ಊರಿನಲ್ಲಿ ಬಿಟ್ಟ ಎಮ್ಮೆ, ಹೊಲದ ಕಳೆ, ಇಬ್ಬರ ಕೂಲಿ ಇವಕ್ಕೆ ಯಾವ ಪ್ಯಾಕೇಜಿನಲ್ಲೂ ಸಾಲಿಲ್ಲ. ಆ ಹಣ ಬರುವುದು ಮಹಿಳಾ ಸಂಘದ ಸಾಲದಿಂದ, ಫೈನಾನ್ಸ್‌ನ ವಾರದ ಕಂತಿನಿಂದ, ಕೊರಳಿನ ಬಂಗಾರದಿಂದ.

ಕರ್ನಾಟಕದಲ್ಲೇ ಇದನ್ನು ಗುರುತಿಸಿದ ಪ್ರಯೋಗವೊಂದಿತ್ತು. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 2002ರಲ್ಲಿ ತಿ. ನರಸೀಪುರ ಮತ್ತು ಬೈಲಹೊಂಗಲ ತಾಲ್ಲೂಕುಗಳಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯೊಂದಿಗೆ ನಡೆಸಿದ ಸಮುದಾಯ ವಿಮೆಯಲ್ಲಿ ಸರ್ಕಾರಿ ಆಸ್ಪತ್ರೆಗೆ ದಾಖಲಾದ ರೋಗಿಗೆ ದಿನಕ್ಕೆ 50 ರೂಪಾಯಿ ಕೂಲಿ ನಷ್ಟಕ್ಕೆ, 50 ರೂಪಾಯಿ ಔಷಧಕ್ಕೆ ಕೊಡುತ್ತಿದ್ದರು. ಆಸ್ಪತ್ರೆ ಹೇಗೂ ಉಚಿತ, ಬಡವನನ್ನು ತಡೆಯುವುದು ಕೂಲಿ ಮತ್ತು ಹೊರಗಿನ ಔಷಧ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಅದರ ಅನಂತರ ಬಂದ ದೊಡ್ಡ ಯೋಜನೆಗಳು ಲಕ್ಷಗಳ ಮಿತಿಯನ್ನು ಏರಿಸುತ್ತ ಹೋದವು, ಈ ಐವತ್ತು ರೂಪಾಯಿಯನ್ನು ಕೈಬಿಟ್ಟವು. ಇರಕಲ್ಲಗಡದಂಥ ಊರಿಗೆ ಮಿತಿ 5 ಲಕ್ಷದಿಂದ 10 ಲಕ್ಷಕ್ಕೇರುವುದಕ್ಕಿಂತ ದಾಖಲಾದ ಪ್ರತಿ ದಿನಕ್ಕೆ ಒಂದು ದಿನದ ಕೂಲಿ ಮತ್ತು ಹೋಗಿಬರುವ ಬಸ್ ಚಾರ್ಜ್ ಸಿಗುವುದು ಹೆಚ್ಚು ಉಪಕಾರಿ.

ಹಣ ಕೇಳಿದಾಗ

ಯೋಜನೆಯಡಿ ದಾಖಲಾದ ಬಿಪಿಎಲ್ ರೋಗಿಯಿಂದ ಆಸ್ಪತ್ರೆ ಪ್ಯಾಕೇಜಿನ ಮೇಲೆ ಬೇರೆ ಹಣ ಪಡೆಯುವಂತಿಲ್ಲ. ‘ಒಳ್ಳೆಯ ಸ್ಟೆಂಟ್ ಹಾಕ್ತೀವಿ, ಅದಕ್ಕೆ ಬೇರೆ’ ಎಂಬ ಮಾತು ಬಂದರೆ ರಸೀದಿ ಕೇಳಬೇಕು, ಆರೋಗ್ಯ ಮಿತ್ರರಿಗೆ ತಿಳಿಸಬೇಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ರೋಗಿಗಳ ಹಕ್ಕುಗಳ ಸನ್ನದನ್ನು ತಂದಿತು. ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆ ತಡೆಯುವಂತಿಲ್ಲ; ಬಾಕಿ ಇದೆಯೆಂದು ಮೃತದೇಹವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಆಯುಷ್ಮಾನ್ ಕುರಿತ ದೂರಿಗೆ ಉಚಿತ ಸಂಖ್ಯೆ 14555, ರಾಜ್ಯದ ಆರೋಗ್ಯ ಸಹಾಯವಾಣಿ 104. ಕರೆ ಮಾಡುವಾಗ ರೋಗಿಯ ಹೆಸರು, ಆಸ್ಪತ್ರೆಯ ಹೆಸರು, ದಾಖಲಾದ ದಿನಾಂಕ, ಕಟ್ಟಿದ ಹಣದ ರಸೀದಿ ಕೈಯಲ್ಲಿರಬೇಕು. ಬಿಡುಗಡೆಯ ಹೊತ್ತಿಗೆ ಡಿಸ್ಚಾರ್ಜ್ ಕಾರ್ಡ್, ಸ್ಕ್ಯಾನ್ ಮತ್ತು ಪರೀಕ್ಷೆಗಳ ವರದಿ, ಮುಂದೆ ತೋರಿಸಬೇಕಾದ ದಿನಾಂಕ ಬರೆದ ಚೀಟಿಗಳನ್ನು ಪಡೆದುಕೊಳ್ಳುವುದು ರೋಗಿಯ ಹಕ್ಕು. ಮುಂದಿನ ಸಲ ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ಹೊಸ ರೆಫರ್ ಚೀಟಿ ಬರೆಸುವಾಗ ಆ ಕಾಗದಗಳೇ ಬೇಕಾಗುತ್ತವೆ.